ವಾಟರ್‌ಜೆಟ್ ಕಟಿಂಗ್ ಯಂತ್ರ: ಬೃಹತ್ ಟೇಬಲ್‌ಗಳ ಮೌಲ್ಯಮಾಪನ

ವಾಟರ್‌ಜೆಟ್ ಕಟಿಂಗ್ ಯಂತ್ರವು ನೀರನ್ನು ಸುಮಾರು 4,000 ಬಾರ್ ಒತ್ತಡಕ್ಕೆ ಏರಿಸಿ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಸಣ್ಣ ರಂಧ್ರದಿಂದ ಹೊರಚಿಮ್ಮಿಸಿ, ಆ ಧಾರೆಯ ಬಲದಿಂದ ವಸ್ತುವನ್ನು ಕತ್ತರಿಸುತ್ತದೆ. ರಬ್ಬರ್, ಫೋಮ್, ಗ್ಯಾಸ್ಕೆಟ್ ಹಾಳೆ, ಕಾಗದದಂಥ ಮೆದು ವಸ್ತುಗಳಿಗೆ ಬರೀ ನೀರು ಸಾಕು. ಉಕ್ಕು, ಗ್ರಾನೈಟ್, ಗಾಜು, ಟೈಟಾನಿಯಂ, ಕಾರ್ಬನ್ ನಾರಿನ ಕಾಂಪೊಸಿಟ್‌ಗಳಿಗೆ ನೀರಿನೊಂದಿಗೆ ಗಾರ್ನೆಟ್ ಎಂಬ ಗಡಸು ಖನಿಜದ ಮರಳು ಸೇರಬೇಕು. ಆಗ ಕತ್ತರಿಸುವುದು ಮರಳು; ಅದಕ್ಕೆ ವೇಗ ಕೊಡುವುದಷ್ಟೇ ನೀರಿನ ಕೆಲಸ. ಟೇಬಲ್ಲಿನ ಉದ್ದ 3 ಮೀಟರ್ ದಾಟಿದ, ಇಡೀ ಪ್ಲೇಟನ್ನು ಕತ್ತರಿಸದೆ ಹಾಗೆಯೇ ಹೇರಬಹುದಾದ ಯಂತ್ರಗಳನ್ನು ಇಲ್ಲಿ ಬೃಹತ್ ಗಾತ್ರದವು ಎಂದು ಕರೆಯಲಾಗಿದೆ. ಇಂಥ ಯಂತ್ರ ಪ್ರಯೋಗಾಲಯದಲ್ಲೋ ಪ್ರದರ್ಶನದಲ್ಲೋ ಚೆನ್ನಾಗಿ ಕತ್ತರಿಸಿದರೆ ಸಾಲದು. ಎರಡು ಶಿಫ್ಟು ದುಡಿಯುವ ಕಾರ್ಖಾನೆಯಲ್ಲಿ ಅದರ ಯೋಗ್ಯತೆಯನ್ನು ಅಳೆಯುವ ಮಾನದಂಡಗಳು ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳಿಗಿಂತ ಬೇರೆಯೇ ಆಗಿವೆ.

ಹಿನ್ನೆಲೆ

ನೀರಿನ ರಭಸದಿಂದ ಮಣ್ಣನ್ನು ಕೊಚ್ಚಿ ತೆಗೆಯುವ ಪದ್ಧತಿ ಗಣಿಗಳಲ್ಲಿ ಹತ್ತೊಂಬತ್ತನೇ ಶತಮಾನದಿಂದಲೂ ಇತ್ತು. ಅದನ್ನು ಕತ್ತರಿಸುವ ಉಪಕರಣವಾಗಿ ಯೋಚಿಸಿದ ಮೊದಲಿಗರಲ್ಲಿ ಅರಣ್ಯ ಎಂಜಿನಿಯರ್ ನಾರ್ಮನ್ ಫ್ರಾಂಜ್ ಒಬ್ಬರು. 1950ರ ದಶಕದಲ್ಲಿ ಅವರು ಮರವನ್ನು ಗರಗಸವಿಲ್ಲದೆ ಸೀಳುವ ದಾರಿ ಹುಡುಕುತ್ತಿದ್ದರು. ನೀರಿನ ಕಂಬದ ಮೇಲೆ ಭಾರವಾದ ತೂಕ ಬೀಳಿಸಿ, ಸಣ್ಣ ರಂಧ್ರದಿಂದ ಕ್ಷಣಮಾತ್ರದ ಧಾರೆ ಹೊರಡಿಸಿ, ಮರ ಕತ್ತರಿಸಿದ್ದನ್ನು ಅವರು ತೋರಿಸಿದರು. ಆ ಒತ್ತಡವನ್ನು ನಿರಂತರವಾಗಿ ಉಳಿಸಿಕೊಳ್ಳುವ ಪಂಪು ಆಗ ಇರಲಿಲ್ಲ. ಕೈಗಾರಿಕೆಗೆ ಒಗ್ಗುವ ಪಂಪುಗಳು ಬಂದದ್ದು 1970ರ ದಶಕದ ಆರಂಭದಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಮೆಕಾರ್ಟ್ನಿ ಕಂಪನಿ ಕಾಗದದ ಕೊಳವೆ ಕತ್ತರಿಸುವ ಯಂತ್ರವನ್ನು ಕಾರ್ಖಾನೆಯೊಂದರಲ್ಲಿ ಸ್ಥಾಪಿಸಿತು.

ಲೋಹ ಕತ್ತರಿಸುವ ಬಾಗಿಲು ತೆರೆದವರು ಮೊಹಮದ್ ಹಶೀಷ್. ವಾಷಿಂಗ್ಟನ್ ರಾಜ್ಯದ ಫ್ಲೋ ಸಂಸ್ಥೆಯಲ್ಲಿ 1979ರಲ್ಲಿ ಕೆಲಸ ಆರಂಭಿಸಿದ ಅವರು ಧಾರೆಯೊಳಕ್ಕೆ ಮರಳನ್ನು ಎಳೆದುಕೊಳ್ಳುವ ನಾಜಲ್ ರೂಪಿಸಿದರು. ಈ ವಿಧಾನ 1980ರ ದಶಕದ ಮೊದಲ ವರ್ಷಗಳಲ್ಲೇ ವಾಹನಗಳ ಗಾಜು ಕತ್ತರಿಸಲು ಬಳಕೆಗೆ ಬಂತು. ಮರಳಿನ ಹೊಡೆತಕ್ಕೆ ನಾಜಲ್ಲಿನ ಕೊಳವೆ ಬಹುಬೇಗ ಸವೆದುಹೋಗುತ್ತಿದ್ದುದು ಬಹುಕಾಲದ ತೊಡಕಾಗಿತ್ತು. ಅತಿ ಗಡಸಾದ ಸಂಯುಕ್ತ ಕಾರ್ಬೈಡ್ ಕೊಳವೆಗಳು 1990ರ ದಶಕದಲ್ಲಿ ಬಂದಮೇಲೆ ಅದು ಸಡಿಲಿತು. ಅದೇ ದಶಕದಲ್ಲಿ, 1993ರಲ್ಲಿ, ಆರಂಭವಾದ ಒಮ್ಯಾಕ್ಸ್ ಸಂಸ್ಥೆಯ ಜಾನ್ ಓಲ್ಸೆನ್ ಮತ್ತಿತರರು ಕಂಪ್ಯೂಟರೇ ವೇಗವನ್ನು ಲೆಕ್ಕ ಹಾಕುವ ನಿಯಂತ್ರಣವನ್ನು ಬಳಕೆಗೆ ತಂದರು. ಧಾರೆ ಗರಗಸದಂತೆ ಬಿಗಿಯಾದ ಉಪಕರಣವಲ್ಲ. ಸಾಗುವಾಗ ಅದರ ಕೆಳತುದಿ ಹಿಂದೆ ಬೀಳುತ್ತದೆ, ಮೂಲೆಗಳಲ್ಲಿ ಅತ್ತಿತ್ತ ಒದೆಯುತ್ತದೆ. ಎಲ್ಲಿ ನಿಧಾನಿಸಬೇಕು, ಎಲ್ಲಿ ಓಡಬೇಕು ಎಂಬುದನ್ನು ಆಪರೇಟರಿನ ಅಂದಾಜಿನಿಂದ ಗಣಿತದ ಕೈಗೆ ಒಪ್ಪಿಸಿದ ಈ ಹೆಜ್ಜೆಯ ತೂಕ ಪಂಪಿನ ಸುಧಾರಣೆಗಳಷ್ಟೇ ದೊಡ್ಡದು.

ಪಂಪು ಮತ್ತು ಒತ್ತಡ

ಯಂತ್ರದ ಮೌಲ್ಯಮಾಪನ ಪಂಪಿನಿಂದ ಆರಂಭವಾಗಬೇಕು. ಪ್ರಚಲಿತ ವಿಧಗಳು ಎರಡು. ಇಂಟೆನ್ಸಿಫೈಯರ್ ಪಂಪಿನಲ್ಲಿ ಸುಮಾರು 200 ಬಾರ್ ಒತ್ತಡದ ಹೈಡ್ರಾಲಿಕ್ ಎಣ್ಣೆ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಅದಕ್ಕೆ ಜೋಡಿಸಿದ, ವಿಸ್ತೀರ್ಣದಲ್ಲಿ ಇಪ್ಪತ್ತನೇ ಒಂದು ಪಾಲಿನ ಸಣ್ಣ ದಂಡ ನೀರನ್ನು ಒತ್ತಿದಾಗ ಒತ್ತಡ ಇಪ್ಪತ್ತು ಪಟ್ಟು ಏರಿ 4,000 ಬಾರ್ ಆಗುತ್ತದೆ. ಪಿಸ್ಟನ್ ದಿಕ್ಕು ಬದಲಿಸುವ ಕ್ಷಣದಲ್ಲಿ ಒತ್ತಡ ಕುಸಿಯುವುದನ್ನು ತಡೆಯಲು ದಪ್ಪ ಗೋಡೆಯ ಸಂಗ್ರಾಹಕ ಪಾತ್ರೆ ಇರುತ್ತದೆ. ಇನ್ನೊಂದು ವಿಧ ನೇರಚಾಲಿತ ಪಂಪು. ಇದರಲ್ಲಿ ಎಣ್ಣೆಯ ಮಧ್ಯಸ್ಥಿಕೆಯಿಲ್ಲ. ಮೋಟರು ಕ್ರ್ಯಾಂಕ್ ತಿರುಗಿಸಿ ಸಾಮಾನ್ಯವಾಗಿ ಮೂರು ಪ್ಲಂಜರುಗಳನ್ನು ನೇರವಾಗಿ ಓಡಿಸುತ್ತದೆ. ಎಣ್ಣೆಯನ್ನು ಬಿಸಿಮಾಡಿ ಮತ್ತೆ ತಣಿಸುವ ನಷ್ಟವಿಲ್ಲದ ಕಾರಣ ಮೋಟರಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಧಾರೆಗೆ ತಲುಪುತ್ತದೆ. ಆದರೆ ಧಾರೆ ಹೊರಚಿಮ್ಮಿಸುವ ಹಲವು ಕಟಿಂಗ್ ಹೆಡ್‌ಗಳನ್ನು ಬೇಕುಬೇಕಾದಾಗ ಆರಿಸಿ ಹೊತ್ತಿಸುವ ದೊಡ್ಡ ಟೇಬಲ್ಲಿಗೆ ಇಂಟೆನ್ಸಿಫೈಯರ್ ಹೆಚ್ಚು ಒಗ್ಗುತ್ತದೆ. ನಾಜಲ್ ಮುಚ್ಚಿದಾಗಲೂ ಒತ್ತಡ ಹಿಡಿದು ಸುಮ್ಮನೆ ನಿಲ್ಲಬಲ್ಲದು ಅದು. ನೇರಚಾಲಿತ ಪಂಪು ನೀರನ್ನು ಬೇರೆಡೆ ಹರಿಯಬಿಡಬೇಕಾಗುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಗರಿಷ್ಠ ಒತ್ತಡವೆಷ್ಟು ಎಂಬುದು. ಕೇಳಬೇಕಾದ ಪ್ರಶ್ನೆ, ನಾಜಲ್ಲಿನ ತುದಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದು. ಧಾರೆಯ ಶಕ್ತಿ ಒತ್ತಡ ಮತ್ತು ಹರಿವುಗಳ ಗುಣಲಬ್ಧ. 4,100 ಬಾರ್ ಒತ್ತಡದಲ್ಲಿ ಮಿನಿಟಿಗೆ 3.8 ಲೀಟರ್ ನೀರು ಹರಿದರೆ ಅದು ಸುಮಾರು 26 ಕಿಲೋವ್ಯಾಟ್, ಅಂದರೆ 35 ಅಶ್ವಶಕ್ತಿ. 50 ಅಶ್ವಶಕ್ತಿಯ ಇಂಟೆನ್ಸಿಫೈಯರ್ 0.35 ಮಿ.ಮೀ. ರಂಧ್ರದಿಂದ ಕೊಡುವುದು ಬಹುಮಟ್ಟಿಗೆ ಇಷ್ಟನ್ನೇ. ಉಳಿದ 15 ಅಶ್ವಶಕ್ತಿ ಎಣ್ಣೆಯ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಮೋಟರಿನ ಫಲಕದ ಮೇಲಿನ ಅಶ್ವಶಕ್ತಿಯನ್ನು ನೋಡಿ ಎರಡು ಬಗೆಯ ಪಂಪುಗಳನ್ನು ಹೋಲಿಸುವುದು ತಪ್ಪು. ಮಿನಿಟಿಗೆ ಎಷ್ಟು ಲೀಟರ್, ಎಷ್ಟು ಬಾರ್ ಒತ್ತಡದಲ್ಲಿ, ಎಡೆಬಿಡದೆ ಎಷ್ಟು ಗಂಟೆ ಎಂಬ ಮೂರನ್ನು ಒಟ್ಟಿಗೆ ಕೇಳಬೇಕು.

6,000 ಬಾರ್ ಮೀರಿದ, ವ್ಯಾಪಾರದ ಮಾತಿನಲ್ಲಿ 90,000 ಪಿಎಸ್‌ಐ ಎನ್ನುವ, ಪಂಪುಗಳ ಬಗ್ಗೆ ತಯಾರಕರಲ್ಲೇ ಎರಡು ಪಕ್ಷಗಳಿವೆ. ಅದೇ ಶಕ್ತಿಯನ್ನು ಹೆಚ್ಚಿನ ಒತ್ತಡದಲ್ಲಿ ಕೊಟ್ಟರೆ ನೀರು ಕಡಿಮೆ ಬೇಕು, ರಂಧ್ರ ಸಣ್ಣದಾಗುತ್ತದೆ, ಧಾರೆಯ ವೇಗ ಏರುತ್ತದೆ, ಗಾರ್ನೆಟ್ ಉಳಿಯುತ್ತದೆ. ಇದು ನಿಜವಾದ ಲಾಭ. ಎದುರಿಗೆ ನಿಲ್ಲುವುದು ಲೋಹದ ದಣಿವು. ಸಿಲಿಂಡರು, ಕೊಳವೆ, ಕವಾಟಗಳು ಪ್ರತಿ ಹೊಡೆತಕ್ಕೂ ಹಿಗ್ಗಿ ಕುಗ್ಗುತ್ತವೆ. ಒತ್ತಡ ಒಂದೂವರೆ ಪಟ್ಟಾದರೆ ಅವುಗಳ ಆಯುಸ್ಸು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕುಸಿಯುತ್ತದೆ. ಸೀಲು ಬದಲಿಸುವ ಕೈ ಪಳಗಿದ್ದು, ಬಿಡಿಭಾಗ ಕಪಾಟಿನಲ್ಲೇ ಇದ್ದು, ಗಾರ್ನೆಟ್ ದುಬಾರಿಯಾಗಿರುವ ಕಾರ್ಖಾನೆಗೆ ಹೆಚ್ಚಿನ ಒತ್ತಡ ಲಾಭಕರ. ಸರ್ವೀಸು ದೂರದ ಊರಿನಿಂದ ಬರಬೇಕಾದ ಕಡೆ 4,000 ಬಾರ್‌ನ ಪಂಪೇ ವರ್ಷದ ಕೊನೆಗೆ ಹೆಚ್ಚು ಗಂಟೆ ಕತ್ತರಿಸಿರುತ್ತದೆ.

ದೊಡ್ಡ ಟೇಬಲ್ಲಿಗಷ್ಟೇ ಸಂಬಂಧಿಸಿದ, ಬಹುತೇಕ ಯಾರೂ ವಿಚಾರಿಸದ ಸಂಗತಿ ಕೊಳವೆಯ ಒಳವ್ಯಾಸ. ಪಂಪಿನಿಂದ ಹೊರಟ ನೀರು, ಟೇಬಲ್ಲಿನ ಮೇಲೆ ಹೆಡ್ ಹೊತ್ತು ಓಡಾಡುವ ಸೇತುವೆಯ ಉದ್ದಗಲ ದಾಟಿ ಹೆಡ್ ಸೇರುವ ಹೊತ್ತಿಗೆ ಇಪ್ಪತ್ತು ಮೀಟರ್ ಸಾಗಿರಬಹುದು. ಕಾಲು ಇಂಚಿನ ಕೊಳವೆಯ ಒಳವ್ಯಾಸ ಸುಮಾರು 2.1 ಮಿ.ಮೀ., 3/8 ಇಂಚಿನದು 3.2 ಮಿ.ಮೀ. ಮಿನಿಟಿಗೆ 3.8 ಲೀಟರ್ ಹರಿಯುವಾಗ ಮೊದಲನೆಯದರಲ್ಲಿ ಅಂದಾಜು 300 ಬಾರ್ ಘರ್ಷಣೆಯಲ್ಲೇ ಕಳೆದುಹೋದರೆ ಎರಡನೆಯದರಲ್ಲಿ 40 ಬಾರ್ ಕಳೆಯುತ್ತದೆ. ಪಂಪಿನ ಮಾಪಕ 4,100 ತೋರಿಸುತ್ತಲೇ ಇರುತ್ತದೆ, ಹೆಡ್‌ಗೆ ಮಾತ್ರ 3,800 ತಲುಪುತ್ತಿರುತ್ತದೆ. ಯಂತ್ರ ಹೊಸದಾಗಿದ್ದರೂ ನಿಧಾನವಾಗಿ ಕತ್ತರಿಸುತ್ತದೆ ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೊಂದು. ದೂರದ ಭಾಗಕ್ಕೆ ದಪ್ಪ ಕೊಳವೆ ಹಾಕಿ, ಬಾಗಬೇಕಾದ ಕೊನೆಯ ತುಂಡಿಗಷ್ಟೇ ಸಣ್ಣದನ್ನು ಬಳಸುವುದು ಸರಿಯಾದ ಜೋಡಣೆ.

ಕಟಿಂಗ್ ಹೆಡ್ ಮತ್ತು ಗಾರ್ನೆಟ್

ಹೆಡ್‌ನ ಮೇಲ್ಭಾಗದಲ್ಲಿ ಆರಿಫಿಸ್ ಎಂಬ ರತ್ನದ ಬಿಲ್ಲೆ ಕೂತಿರುತ್ತದೆ. ಅದರಿಂದ ಸೆಕೆಂಡಿಗೆ 800 ಮೀಟರಿಗಿಂತ ಹೆಚ್ಚು ವೇಗದಲ್ಲಿ, ಅಂದರೆ ಗಾಳಿಯಲ್ಲಿ ಶಬ್ದದ ವೇಗದ ಎರಡು ಪಟ್ಟಿಗೂ ಮಿಗಿಲಾಗಿ, ನೀರು ಹೊರಡುತ್ತದೆ. ಕೆಳಗಿನ ಕೋಣೆಯಲ್ಲಿ ಈ ರಭಸವೇ ನಿರ್ವಾತ ಉಂಟುಮಾಡಿ ಪಕ್ಕದ ಕೊಳವೆಯಿಂದ ಗಾರ್ನೆಟ್ಟನ್ನು ಒಳಕ್ಕೆಳೆಯುತ್ತದೆ. ಆಮೇಲಿನ ಮಿಕ್ಸಿಂಗ್ ಕೊಳವೆಯಲ್ಲಿ ಮರಳು ವೇಗ ಪಡೆಯುತ್ತದೆ. ಈ ಕೊಳವೆಯ ಒಳವ್ಯಾಸ ಆರಿಫಿಸ್‌ನ ಎರಡೂವರೆಯಿಂದ ಮೂರು ಪಟ್ಟು ಇರಬೇಕು. 0.35 ಮಿ.ಮೀ. ರಂಧ್ರಕ್ಕೆ 1 ಮಿ.ಮೀ. ಕೊಳವೆ ಹೊಂದುತ್ತದೆ. ಕಡಿಮೆಯಾದರೆ ಮರಳು ಒಳಬರದೆ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಧಾರೆ ಚದುರುತ್ತದೆ.

ನೀಲಮಣಿ ಅಥವಾ ಮಾಣಿಕ್ಯದ ಆರಿಫಿಸ್ ಅಗ್ಗ, ಆದರೆ ಐವತ್ತು ನೂರು ಗಂಟೆಗಳಲ್ಲಿ ಅಂಚು ಒಡೆಯುತ್ತದೆ. ವಜ್ರದ್ದು ನೂರಾರು ಗಂಟೆ, ಶುದ್ಧ ನೀರಿದ್ದರೆ ಸಾವಿರ ದಾಟಿಯೂ ಬಾಳುತ್ತದೆ. ಉತ್ಪಾದನಾ ಕಾರ್ಖಾನೆಗೆ ವಜ್ರವೇ ಅಗ್ಗ. ಆರಿಫಿಸ್‌ನ ಅಂಚು ಒಡೆದರೆ ಧಾರೆ ಓರೆಯಾಗಿ ಹೊರಟು ದುಬಾರಿಯಾದ ಮಿಕ್ಸಿಂಗ್ ಕೊಳವೆಯನ್ನೂ ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ಜೊತೆಗೆ ಅರ್ಧ ಕತ್ತರಿಸಿದ ಪ್ಲೇಟೂ ಸ್ಕ್ರಾಪಿಗೆ ಹೋಗುತ್ತದೆ.

ಗಾರ್ನೆಟ್ ಈ ಯಂತ್ರದ ದೈನಂದಿನ ಆಹಾರ, ಮತ್ತು ಓಡಿಸುವ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿನದು. ಲೋಹಕ್ಕೆ ಹೆಚ್ಚಾಗಿ ಬಳಸುವುದು ಜರಡಿ ಅಳತೆಯಲ್ಲಿ 80 ಮೆಶ್‌ನ ಕಾಳು. ಒಂದು ಹೆಡ್ ಮಿನಿಟಿಗೆ 0.45 ಕಿ.ಗ್ರಾಂ ತಿಂದರೆ ಗಂಟೆಗೆ 27 ಕಿ.ಗ್ರಾಂ. ಎರಡು ಹೆಡ್, ಎರಡು ಶಿಫ್ಟು, ಅದರಲ್ಲಿ ಶೇ. 70 ಹೊತ್ತು ಧಾರೆ ಉರಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 600 ಕಿ.ಗ್ರಾಂ, ತಿಂಗಳಿಗೆ 15 ಟನ್. ಭಾರತದಲ್ಲಿ ಗಾರ್ನೆಟ್ ಸಿಗುವುದು ಮುಖ್ಯವಾಗಿ ತಮಿಳುನಾಡು ಮತ್ತು ಒಡಿಶಾಗಳ ಕಡಲತೀರದ ಮರಳಿನಲ್ಲಿ, ಇಲ್ಮೆನೈಟ್, ಮೋನಜೈಟ್‌ಗಳ ಜೊತೆ. ಮೋನಜೈಟ್ ಅಣುಖನಿಜವಾದ್ದರಿಂದ ಈ ಗಣಿಗಾರಿಕೆ ಬಿಗಿಯಾದ ಸರ್ಕಾರಿ ನಿಯಂತ್ರಣಕ್ಕೆ ಒಳಪಟ್ಟಿದೆ. 2013ರಲ್ಲಿ ತಮಿಳುನಾಡು ಸರ್ಕಾರ ಅದನ್ನು ತಡೆಹಿಡಿಯಿತು, 2019ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರ ಪಾಲನ್ನು ಇನ್ನಷ್ಟು ಮೊಟಕುಗೊಳಿಸಿತು. ಹಾಗಾಗಿ ಯಂತ್ರ ಕೊಳ್ಳುವ ಮುನ್ನವೇ ಗಾರ್ನೆಟ್ಟಿನ ಪೂರೈಕೆ ಗಟ್ಟಿಮಾಡಿಕೊಳ್ಳುವುದು ಜಾಣತನ. ಕಾಳಿನ ಗಾತ್ರ ಸಮನಾಗಿರಬೇಕು, ಪುಡಿ ಕಡಿಮೆಯಿರಬೇಕು, ತೇವ ಇರಲೇಬಾರದು. ಗಾರ್ನೆಟ್ ಹರಿವು ಅರೆಗಳಿಗೆ ನಿಂತರೂ ಬರೀ ನೀರು ಉಕ್ಕನ್ನು ಕತ್ತರಿಸದೆ ಎಲ್ಲೆಡೆ ಸಿಡಿಯುತ್ತದೆ; ಅದನ್ನು ತಾನೇ ಗುರುತಿಸಿ ಯಂತ್ರವನ್ನು ನಿಲ್ಲಿಸುವ ನಿರ್ವಾತ ಸಂವೇದಕ ರಾತ್ರಿ ಶಿಫ್ಟಿಗೆ ಅತ್ಯಗತ್ಯ.

ಒಂದಕ್ಕಿಂತ ಹೆಚ್ಚು ಹೆಡ್ ಇದ್ದರೆ ಉತ್ಪಾದನೆ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪಂಪು ಅದೇ ಉಳಿದರೆ ಇದು ನಡೆಯದು. 50 ಅಶ್ವಶಕ್ತಿಯ ಪಂಪಿಗೆ ಎರಡು ಹೆಡ್ ಹಾಕಿದರೆ ಪ್ರತಿಯೊಂದಕ್ಕೂ 0.25 ಮಿ.ಮೀ. ರಂಧ್ರ, ಅರ್ಧ ನೀರು, ಅರ್ಧ ಶಕ್ತಿ. ಒಂದೊಂದರ ವೇಗವೂ ಅರ್ಧಕ್ಕಿಂತ ತುಸು ಮೇಲೆ ಬಂದು ನಿಲ್ಲುತ್ತದೆ. ಎರಡು ದೊಡ್ಡ ಹೆಡ್‌ಗಳಿಗೆ 100 ಅಶ್ವಶಕ್ತಿ ಬೇಕು. ತೆಳು ವಸ್ತುವಿನಲ್ಲಿ, ಅದೇ ಆಕಾರದ ನೂರಾರು ತುಂಡುಗಳಿದ್ದಾಗ ಹಲವು ಹೆಡ್‌ಗಳು ನಿಜಕ್ಕೂ ಗೆಲ್ಲುತ್ತವೆ. ದಿನಕ್ಕೊಂದು ಬಗೆಯ ಜಾಬ್ ಬರುವ ಕಡೆ ಎರಡನೆಯ ಹೆಡ್ ಬಹುಪಾಲು ಸಮಯ ಸುಮ್ಮನೆ ನೇತಾಡುತ್ತದೆ.

ಟೇಬಲ್ಲು, ಚಲನೆ, ನಿಖರತೆ

ಟೇಬಲ್ಲಿನ ಅಳತೆಯನ್ನು ಕಚ್ಚಾವಸ್ತುವಿನ ಅಳತೆಯಿಂದ ನಿರ್ಧರಿಸಬೇಕು. ಭಾರತದ ಮಾರುಕಟ್ಟೆಯಲ್ಲಿ ದಪ್ಪ ಉಕ್ಕಿನ ಪ್ಲೇಟುಗಳು 1.5 ಮೀಟರ್ ಅಗಲ, 6.3 ಮೀಟರ್ ಉದ್ದದಲ್ಲಿ ಬರುವುದು ಸಾಮಾನ್ಯ. 6 ಮೀಟರಿನ ಟೇಬಲ್ ಕೊಂಡರೆ ಪ್ರತಿ ಪ್ಲೇಟಿನಿಂದಲೂ 30 ಸೆಂ.ಮೀ. ಮೊದಲೇ ಕತ್ತರಿಸಿ ತೆಗೆಯಬೇಕಾಗುತ್ತದೆ. 25 ಮಿ.ಮೀ. ದಪ್ಪದ ಅಂಥ ಪ್ಲೇಟಿನ ತೂಕ 1.8 ಟನ್ನಿಗೂ ಹೆಚ್ಚು. ಅದನ್ನು ಎತ್ತುವ ಕ್ರೇನು ಸೇತುವೆಗೆ ತಗಲದೆ ಬಂದುಹೋಗಬೇಕು. ಒಂದು ಬದಿ ಕತ್ತರಿಸುತ್ತಿರುವಾಗಲೇ ಇನ್ನೊಂದು ಬದಿಯಲ್ಲಿ ಹೇರಿ ಇಳಿಸುವಂತಿರಬೇಕು. ಈ ಅನುಕೂಲವೊಂದೇ ಕೆಲವು ಕಾರ್ಖಾನೆಗಳಲ್ಲಿ ಪಂಪಿನ ಶಕ್ತಿಗಿಂತ ಹೆಚ್ಚು ಉತ್ಪಾದನೆ ತಂದುಕೊಡುತ್ತದೆ. ಪ್ಲೇಟನ್ನು ಹೊರುವ ಕಬ್ಬಿಣದ ಪಟ್ಟಿಗಳು ಧಾರೆಗೆ ಸಿಕ್ಕಿ ತಾವೂ ಕತ್ತರಿಸಲ್ಪಡುತ್ತವೆ. ಅವುಗಳನ್ನು ಬದಲಿಸುವುದು ಸುಲಭವೇ, ಸಾದಾ ಪಟ್ಟಿ ಉಕ್ಕು ಸಾಕೇ ಎಂಬುದು ವಿಚಾರಿಸಬೇಕಾದ ಸಂಗತಿ.

ಚಲನೆಯ ಹಳಿಗಳು ಎಲ್ಲಿ ಕೂತಿವೆ ಎಂಬುದು ಇನ್ನೂ ಮುಖ್ಯ. ಅಗ್ಗದ ಯಂತ್ರಗಳಲ್ಲಿ ಹಳಿಗಳನ್ನು ಟ್ಯಾಂಕಿನ ಗೋಡೆಯ ಮೇಲೆಯೇ ಬೋಲ್ಟ್ ಮಾಡಿರುತ್ತಾರೆ. ಪ್ಲೇಟು ಇಳಿದಾಗ ಗೋಡೆ ನಡುಗುತ್ತದೆ, ನೀರು ಬಿಸಿಯಾದಾಗ ಹಿಗ್ಗುತ್ತದೆ. ಧಾರೆಯ 26 ಕಿಲೋವ್ಯಾಟ್ ಶಕ್ತಿಯೆಲ್ಲ ಕೊನೆಗೆ ಟ್ಯಾಂಕಿನ ನೀರಿನಲ್ಲಿ ಶಾಖವಾಗಿ ಸೇರುತ್ತದೆ. 6 ಮೀಟರ್ ಉದ್ದ, 3 ಮೀಟರ್ ಅಗಲ, 90 ಸೆಂ.ಮೀ. ಆಳದ ಟ್ಯಾಂಕಿನಲ್ಲಿ 16 ಟನ್ ನೀರಿದ್ದು, ಶಾಖ ಹೊರಹೋಗದಿದ್ದರೆ ಅದು ಗಂಟೆಗೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಕಾಯುತ್ತದೆ. 6 ಮೀಟರ್ ಉಕ್ಕು 10 ಡಿಗ್ರಿ ಕಾದರೆ 0.7 ಮಿ.ಮೀ. ಬೆಳೆಯುತ್ತದೆ. ಮೀಟರಿಗೆ 0.05 ಮಿ.ಮೀ. ನಿಖರತೆ ಎಂದು ಮುದ್ರಿಸಿದ ಯಂತ್ರದಲ್ಲಿ ಬೆಳಿಗ್ಗೆ ಕತ್ತರಿಸಿದ ತುಂಡಿಗೂ ಸಂಜೆ ಕತ್ತರಿಸಿದ ತುಂಡಿಗೂ ತಾಳೆಯಾಗದಿರಲು ಇದೇ ಕಾರಣ. ಹಳಿಗಳಿಗೆ ಟ್ಯಾಂಕಿನಿಂದ ಬೇರ್ಪಟ್ಟ ಚೌಕಟ್ಟು, ಅದಕ್ಕೆ ಗಟ್ಟಿಯಾದ ಪಾಯ, ಮರಳು ನುಗ್ಗದಂತೆ ಮುಚ್ಚಿದ ಬೆಲ್ಲೋಸ್ ಇವಿಲ್ಲದ ಬೃಹತ್ ಯಂತ್ರವನ್ನು ನಿಖರವಾದ ಕೆಲಸಕ್ಕೆ ನಂಬಲಾಗದು. ಬಾಲ್‌ಸ್ಕ್ರೂ, ರ‍್ಯಾಕ್ ಮತ್ತು ಪಿನಿಯನ್ ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಇದರ ಮುಂದೆ ಚಿಕ್ಕದು. ಉದ್ದ ಹೆಚ್ಚಾದಂತೆ ಬಾಲ್‌ಸ್ಕ್ರೂ ಜೋಲುತ್ತದೆ, ಹಾಗಾಗಿ ಉದ್ದನೆಯ ಅಕ್ಷಕ್ಕೆ ರ‍್ಯಾಕ್ ಸಾಮಾನ್ಯ.

ಖಾಲಿ ಓಡಾಟದ ವೇಗ ಮಿನಿಟಿಗೆ ಇಷ್ಟು ಮೀಟರ್ ಎಂಬ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ದಪ್ಪ ಉಕ್ಕನ್ನು ಕತ್ತರಿಸುವ ವೇಗ ಮಿನಿಟಿಗೆ ಕೆಲವು ಹತ್ತು ಮಿಲಿಮೀಟರ್. ಅಲ್ಲಿ ಬೇಕಾದದ್ದು ಅಷ್ಟು ನಿಧಾನದಲ್ಲೂ ತಡವರಿಸದ ನಯವಾದ ಚಲನೆ.

ಅಂಚಿನ ಗುಣವನ್ನು ಕೈಗಾರಿಕೆ ಐದು ದರ್ಜೆಗಳಲ್ಲಿ ಹೇಳುತ್ತದೆ. ಒಂದನೆಯದು ತುಂಡು ಬೇರೆಯಾದರೆ ಸಾಕು ಎನ್ನುವಂಥದು, ಐದನೆಯದು ನಯವಾದದ್ದು. ಇವೆರಡರ ನಡುವೆ ವೇಗದ ಅಂತರ ಐದಾರು ಪಟ್ಟು. ಯಾವ ದರ್ಜೆಯೆಂದು ಹೇಳದೆ ಕೊಟ್ಟ ಕಟಿಂಗ್ ವೇಗಕ್ಕೆ ಅರ್ಥವಿಲ್ಲ. ವಸ್ತುವಿನಿಂದ ವಸ್ತುವಿಗೂ ವೇಗ ಬದಲಾಗುತ್ತದೆ. ಅಲ್ಯೂಮಿನಿಯಂ ಅದೇ ದಪ್ಪದ ಸಾದಾ ಉಕ್ಕಿಗಿಂತ ಎರಡೂವರೆಯಿಂದ ಮೂರು ಪಟ್ಟು ಬೇಗ ಕತ್ತರಿಸಲ್ಪಡುತ್ತದೆ, ಗಾಜು ಇನ್ನೂ ಬೇಗ. ವೇಗವಾಗಿ ಸಾಗಿದಾಗ ಸೀಳು ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ. ಈ ಓರೆಯನ್ನು ಟೇಪರ್ ಎನ್ನುತ್ತಾರೆ. ಹೆಡ್ಡನ್ನು ಒಂದೆರಡು ಡಿಗ್ರಿ ವಾಲಿಸಿ, ಓರೆಯನ್ನೆಲ್ಲ ಸ್ಕ್ರಾಪಿನ ಬದಿಗೆ ತಳ್ಳುವ ವ್ಯವಸ್ಥೆ 2000ದ ನಂತರ ಮಾರುಕಟ್ಟೆಗೆ ಬಂತು. ಅದಿದ್ದರೆ ಓರೆ ತಪ್ಪಿಸಲೆಂದೇ ನಿಧಾನಿಸುವ ಅಗತ್ಯ ಬೀಳದು, ಆದ್ದರಿಂದ ಅದು ಅಂದಕ್ಕಿಂತ ಹೆಚ್ಚಾಗಿ ವೇಗದ ಸಾಧನ. 60 ಡಿಗ್ರಿವರೆಗೆ ವಾಲುವ ಐದು ಅಕ್ಷದ ಹೆಡ್ ವೆಲ್ಡಿಂಗಿಗೆ ಬೇಕಾದ ಇಳಿಜಾರು ಅಂಚನ್ನೂ ಕತ್ತರಿಸುತ್ತದೆ. 25 ಮಿ.ಮೀ. ಪ್ಲೇಟಿನಲ್ಲಿ 45 ಡಿಗ್ರಿ ಎಂದರೆ ಧಾರೆ ಸಾಗಬೇಕಾದ ದಪ್ಪ 35 ಮಿ.ಮೀ.; ವೇಗ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಟ್ಯಾಂಕು, ನೀರು, ಕೆಸರು

ಕತ್ತರಿಸಿ ಕೆಳಗಿಳಿದ ಧಾರೆಯಲ್ಲಿ ಇನ್ನೂ ಬಹಳ ಬಲ ಉಳಿದಿರುತ್ತದೆ. ಅದನ್ನು ನುಂಗಲು ಕನಿಷ್ಠ 60 ಸೆಂ.ಮೀ. ಆಳದ ನೀರು ಬೇಕು. ಮೇಲೆ ಲೆಕ್ಕ ಹಾಕಿದ ತಿಂಗಳ 15 ಟನ್ ಗಾರ್ನೆಟ್ ತಳಕ್ಕೆ ಕೂತರೆ ಟ್ಯಾಂಕಿನ ಅರ್ಧಕ್ಕೆ ಹತ್ತಿರ ತುಂಬಿ ಅಷ್ಟು ಆಳದ ನೀರು ಉಳಿಯದು. ಸಲಿಕೆ ಹಿಡಿದು ಕೆಸರೆತ್ತಲು ಯಂತ್ರವನ್ನು ಎರಡು ದಿನ ನಿಲ್ಲಿಸುವುದು ಸಣ್ಣ ಕಾರ್ಖಾನೆಗೆ ಸಹ್ಯ, ಎರಡು ಶಿಫ್ಟಿನ ಕಾರ್ಖಾನೆಗೆ ಅಲ್ಲ. ಬೃಹತ್ ಯಂತ್ರದ ಬೆಲೆಯಲ್ಲಿ ಕೆಸರು ತೆಗೆಯುವ ಸ್ವಯಂಚಾಲಿತ ವ್ಯವಸ್ಥೆಯನ್ನು ಮೊದಲೇ ಸೇರಿಸಿ ಹೋಲಿಸಬೇಕು. ಗಾರ್ನೆಟ್ ತಾನಾಗಿ ವಿಷವಲ್ಲ, ಆದರೆ ಅದರೊಂದಿಗೆ ಬೆರೆತ ಸೀಸ, ಕ್ರೋಮಿಯಂ, ತಾಮ್ರದ ಪುಡಿಯಿಂದಾಗಿ ಕೆಸರಿನ ವಿಲೇವಾರಿ ಕತ್ತರಿಸಿದ ವಸ್ತುವನ್ನು ಅವಲಂಬಿಸಿರುತ್ತದೆ.

ಪಂಪಿಗೆ ಹೋಗುವ ನೀರು ಟ್ಯಾಂಕಿನ ನೀರಿಗಿಂತ ಬೇರೆ. ಅದರ ಶುದ್ಧಿಯ ಮೇಲೆ ಸೀಲು ಮತ್ತು ಆರಿಫಿಸ್‌ಗಳ ಆಯುಸ್ಸು ನಿಂತಿದೆ. ಕರ್ನಾಟಕದ ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸುತನ ಪ್ರಸಿದ್ಧ. ಕ್ಯಾಲ್ಸಿಯಂ, ಸಿಲಿಕಾಗಳು ಆರಿಫಿಸ್‌ನ ಅಂಚಿನಲ್ಲಿ ಹರಳುಗಟ್ಟಿ ಧಾರೆಯನ್ನು ಹರಿದುಹಾಕುತ್ತವೆ. ಇಂಥ ಕಡೆ ಮೆದುಗೊಳಿಸುವ ಘಟಕ ಅಥವಾ ಆರ್‌ಒ ಇಲ್ಲದೆ ಯಂತ್ರ ನಡೆಯದು. ಅತಿ ಶುದ್ಧ, ಖನಿಜವೇ ಇಲ್ಲದ ನೀರೂ ಒಳ್ಳೆಯದಲ್ಲ. ಅದು ಲೋಹವನ್ನೇ ಕರಗಿಸತೊಡಗುತ್ತದೆ.

ಪರೀಕ್ಷಾ ಕಟಿಂಗ್

ಮಾರಾಟಗಾರರ ಶೋರೂಮಿನಲ್ಲಿ ಕತ್ತರಿಸಿ ತೋರಿಸುವ ಮಾದರಿ ತುಂಡು ಚಂದವಾಗಿಯೇ ಇರುತ್ತದೆ. ಕೊಳ್ಳುವವರು ತಮ್ಮದೇ ಪ್ಲೇಟು, ತಮ್ಮದೇ ಡ್ರಾಯಿಂಗ್ ಒಯ್ಯಬೇಕು. ಅದೇ ತುಂಡನ್ನು ಟೇಬಲ್ಲಿನ ನಾಲ್ಕು ಮೂಲೆಗಳಲ್ಲೂ ನಡುವೆಯೂ ಕತ್ತರಿಸಿಸಿ, ಮೇಲೆ ಕೆಳಗೆ ಎರಡೂ ಕಡೆ ಅಳೆಯಬೇಕು. ಸೇತುವೆ ಮತ್ತು ಹಳಿಗಳ ನಡುವಿನ ಲಂಬಕೋನ ಮೀಟರಿಗೆ 0.05 ಮಿ.ಮೀ. ತಪ್ಪಿದ್ದರೆ 3 ಮೀಟರ್ ಅಗಲಕ್ಕೆ ಅದು 0.15 ಮಿ.ಮೀ. ಆಗುತ್ತದೆ, ಸಣ್ಣ ತುಂಡಿನಲ್ಲಿ ಕಾಣದ ದೋಷ ದೊಡ್ಡ ಫ್ಲೇಂಜಿನ ಬೋಲ್ಟ್ ರಂಧ್ರಗಳಲ್ಲಿ ಬಯಲಾಗುತ್ತದೆ. ಯಂತ್ರದ ಸ್ಥಾನನಿಖರತೆಗೆ ಐಎಸ್‌ಒ 230-2, ವೃತ್ತಚಲನೆಗೆ ಐಎಸ್‌ಒ 230-4 ಪರೀಕ್ಷೆಗಳಿವೆ. ಅವು ಖಾಲಿ ಯಂತ್ರದ ಗುಣ ಹೇಳುತ್ತವೆ, ಕತ್ತರಿಸಿದ ತುಂಡಿನದಲ್ಲ. ಧಾರೆಯ ಬಳುಕು ಅದರ ಮೇಲೆ ಸೇರುತ್ತದೆ.

ತೂಕದ ಲೆಕ್ಕ ಅಳತೆಯಷ್ಟೇ ಮುಖ್ಯ. ಕಟಿಂಗಿಗೆ ಮೊದಲು ಮತ್ತು ಆಮೇಲೆ ಗಾರ್ನೆಟ್ ತೂಗಿ, ಒಂದು ಒಳ್ಳೆಯ ತುಂಡಿಗೆ ಎಷ್ಟು ಕಿಲೋ ಬಿತ್ತು ಎಂದು ನೋಡಬೇಕು. 25 ಮಿ.ಮೀ. ಉಕ್ಕಿನಲ್ಲಿ 4 ಮೀಟರ್ ಸುತ್ತಳತೆಯ ತುಂಡು ಮಿನಿಟಿಗೆ 75 ಮಿ.ಮೀ. ಸರಾಸರಿ ವೇಗದಲ್ಲಿ 53 ಮಿನಿಟು ಹಿಡಿಯುತ್ತದೆ, 24 ಕಿ.ಗ್ರಾಂ ಗಾರ್ನೆಟ್ ತಿನ್ನುತ್ತದೆ. ಇದಕ್ಕೆ ರಂಧ್ರ ಕೊರೆಯುವ ಹೊತ್ತು, ಹೇರಿ ಇಳಿಸುವ ಹೊತ್ತು, ಹೆಡ್ ಎತ್ತರ ಹೊಂದಿಸುವ ಹೊತ್ತು ಸೇರಬೇಕು. ದಪ್ಪ ಪ್ಲೇಟಿನಲ್ಲಿ ನೂರು ರಂಧ್ರಗಳಿದ್ದರೆ ಕೊರೆಯುವ ಸಮಯವೇ ಕತ್ತರಿಸುವ ಸಮಯವನ್ನು ಮೀರಬಹುದು. ನಿಂತಲ್ಲೇ ಚುಚ್ಚದೆ ಸಣ್ಣ ವೃತ್ತದಲ್ಲಿ ಓಡಾಡುತ್ತ ಚುಚ್ಚುವ ಸೌಲಭ್ಯ ಈ ಹೊತ್ತನ್ನು ಬಹಳ ಇಳಿಸುತ್ತದೆ. ಗಾಜು ಮತ್ತು ಕಾಂಪೊಸಿಟ್‌ಗಳನ್ನು ಕಡಿಮೆ ಒತ್ತಡದಲ್ಲಿ, ಗಾರ್ನೆಟ್ ಮೊದಲೇ ಹರಿಯುತ್ತಿರುವಾಗ ಚುಚ್ಚದಿದ್ದರೆ ಗಾಜು ಬಿರಿಯುತ್ತದೆ, ಕಾಂಪೊಸಿಟ್ ಪದರು ಬಿಚ್ಚಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಬಿಡಬಾರದು.

ಎಂಟು ಗಂಟೆಯ ಎಡೆಬಿಡದ ಓಟ, ಕಟಿಂಗಿನ ನಡುವೆ ಬೇಕೆಂದೇ ವಿದ್ಯುತ್ ಕಡಿದು ಅದೇ ಬಿಂದುವಿನಿಂದ ಮುಂದುವರಿಸುವುದು, ಆಪರೇಟರೊಬ್ಬ ಸೀಲು ಬದಲಿಸಲು ಹಿಡಿಯುವ ಹೊತ್ತನ್ನು ಗಡಿಯಾರ ಹಿಡಿದು ನೋಡುವುದು ಇವು ಒಪ್ಪಂದಕ್ಕೆ ಮುನ್ನ ನಡೆಯಬೇಕಾದವು. ಅಂಚಿನ ಮೇಲೆ ಸಮಾನ ಅಂತರದಲ್ಲಿ ಗೆರೆಗಳು ಕಂಡರೆ ಪಂಪಿನ ಹೊಡೆತದ ನಡುವೆ ಒತ್ತಡ ಬೀಳುತ್ತಿದೆ ಎಂದರ್ಥ: ಸಂಗ್ರಾಹಕ ಚಿಕ್ಕದು, ಇಲ್ಲವೇ ಕವಾಟ ಸೋರುತ್ತಿದೆ.

ಎಲ್ಲಿ ಹೊಂದುತ್ತದೆ

ತೆಳು ಉಕ್ಕಿನ ಹಾಳೆಯನ್ನು ಫೈಬರ್ ಲೇಸರ್ ಹಲವು ಪಟ್ಟು ಬೇಗ, ಗಾರ್ನೆಟ್ ಖರ್ಚಿಲ್ಲದೆ ಕತ್ತರಿಸುತ್ತದೆ. ಕಾರ್ಖಾನೆಯ ಕೆಲಸವೆಲ್ಲ 10 ಮಿ.ಮೀ. ಒಳಗಿನ ಸಾದಾ ಉಕ್ಕಾಗಿದ್ದರೆ ವಾಟರ್‌ಜೆಟ್ ಕೊಳ್ಳುವುದು ಹಣ ಕಳೆಯುವ ದಾರಿ. ಒರಟು ಅಂಚು ನಡೆಯುವ ದಪ್ಪ ಪ್ಲೇಟಿಗೆ ಪ್ಲಾಸ್ಮಾ ಅಗ್ಗ. ವಾಟರ್‌ಜೆಟ್ಟಿನ ಜಾಗ ಶಾಖ ತಾಗಬಾರದ ಕಡೆ. ಅಂಚು ಗಡಸಾಗದು, ಬಾಗದು, ಲೋಹದ ರಚನೆ ಬದಲಾಗದು. ಶಾಖ ಕೊಟ್ಟರೆ ಕೆಡುವ ಟೈಟಾನಿಯಂ, ನಿಕಲ್ ಮಿಶ್ರಲೋಹ, ಹದಗೊಳಿಸಿದ ಉಕ್ಕು, ಕಾರ್ಬನ್ ಕಾಂಪೊಸಿಟ್, ಪದರುಪದರಾದ ವಸ್ತುಗಳು, 50 ರಿಂದ 150 ಮಿ.ಮೀ. ದಪ್ಪದ ಗಟ್ಟಿಗಳು ಇದರ ನಿಜವಾದ ಕ್ಷೇತ್ರ. ವೈಮಾನಿಕ ಬಿಡಿಭಾಗ ತಯಾರಿಸುವ ಬೆಂಗಳೂರು, ಬೆಳಗಾವಿಯ ಕಾರ್ಖಾನೆಗಳಿಗೆ ಈ ಗುಣ ಬೆಲೆಯುಳ್ಳದ್ದು. ಉದಾಹರಣೆಗೆ, ತೇಜಸ್ ಯುದ್ಧವಿಮಾನದ ರಚನೆಯಲ್ಲಿ ತೂಕದ ಶೇ. 45ರಷ್ಟು ಕಾಂಪೊಸಿಟ್ ಇದೆ. ಬೆಂಗಳೂರಿನ ಬಳಿಯ ಜಿಗಣಿ ಸುತ್ತಲಿನಂಥ ಗ್ರಾನೈಟ್ ಘಟಕಗಳಿಗೆ ಬೇಕಾದ ಯಂತ್ರ ಬೇರೆ ಬಗೆಯದು. ನೆಲದ ಬಣ್ಣಬಣ್ಣದ ಇನ್‌ಲೇ ಚಿತ್ತಾರಕ್ಕೆ ಟೇಪರ್ ನೀಗಿಸುವ ಹೆಡ್ ಅನಿವಾರ್ಯ, ಇಲ್ಲದಿದ್ದರೆ ಕೂಡಿಸಿದ ತುಂಡುಗಳು ಕೆಳಗೆ ತಾಗಿ ಮೇಲೆ ಸಂದು ಬಿಡುತ್ತವೆ. ದೊಡ್ಡ ಪಂಪು ಅಲ್ಲಿ ಅಷ್ಟು ಬೇಕಾಗದು, ಕಲ್ಲು ಉಕ್ಕಿಗಿಂತ ಬೇಗ ಕತ್ತರಿಸಲ್ಪಡುತ್ತದೆ.

ಸುರಕ್ಷತೆ

ಧಾರೆ ಕೈಗೆ ತಾಗಿದರೆ ಮೂಳೆಯನ್ನೂ ಕತ್ತರಿಸುತ್ತದೆ. ಅದಕ್ಕಿಂತ ಮೋಸದ್ದು ಸಣ್ಣ ಸೋರಿಕೆ: ಚರ್ಮದ ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ನೀರು, ಮರಳು, ಸೋಂಕು ಆಳಕ್ಕೆ ಹೋಗಿರುತ್ತವೆ. ಅದನ್ನು ಶಸ್ತ್ರಚಿಕಿತ್ಸೆಯ ತುರ್ತೆಂದೇ ಪರಿಗಣಿಸಬೇಕು, ಪಟ್ಟಿ ಕಟ್ಟಿ ಕಳುಹಿಸಬಾರದು. ಸೋರುವ ಕೊಳವೆಯನ್ನು ಬೆರಳಿನಿಂದ ತಡಕಾಡುವ ಅಭ್ಯಾಸ ಎಂದಿಗೂ ಸಲ್ಲದು. ಒತ್ತಡ ಪೂರ್ತಿ ಇಳಿದಿದೆಯೆಂದು ತೋರಿಸುವ ಮಾಪಕ, ಪಂಪು ನಿಂತೊಡನೆ ತಾನೇ ತೆರೆಯುವ ಕವಾಟ, ದೊಡ್ಡ ಟೇಬಲ್ಲಿನ ನಾಲ್ಕೂ ಬದಿಗಳಿಂದ ಕೈಗೆಟುಕುವ ನಿಲುಗಡೆ ಗುಂಡಿ ಇವೆಲ್ಲ ಇರಲೇಬೇಕು. ನೀರಿನ ಮೇಲೆ ಕತ್ತರಿಸುವಾಗ ಸದ್ದು ಕಿವಿಗೆ ಅಪಾಯದ ಮಟ್ಟಕ್ಕೇರುತ್ತದೆ. ನೀರಿನ ಮಟ್ಟವನ್ನು ಕ್ಷಣದಲ್ಲಿ ಏರಿಸಿ ಪ್ಲೇಟನ್ನು ಮುಳುಗಿಸಿ ಕತ್ತರಿಸುವ ಟ್ಯಾಂಕು ಸದ್ದನ್ನೂ ಸಿಡಿತವನ್ನೂ ತಗ್ಗಿಸುತ್ತದೆ.

ಹಳೆಯ ಯಂತ್ರಗಳು

ಬಳಸಿದ ಬೃಹತ್ ಯಂತ್ರಗಳು ಹೊಸದರ ಬೆಲೆಯ ಸಣ್ಣ ಪಾಲಿಗೆ ಮಾರುಕಟ್ಟೆಗೆ ಬರುತ್ತವೆ. ಅವುಗಳಲ್ಲಿ ಪಂಪಿನ ಗಂಟೆಗಳ ಎಣಿಕೆಗಿಂತ ಅಧಿಕ ಒತ್ತಡದ ಸಿಲಿಂಡರುಗಳನ್ನು ಯಾವಾಗ ಬದಲಿಸಲಾಗಿದೆ ಎಂಬ ದಾಖಲೆ ಹೆಚ್ಚು ಹೇಳುತ್ತದೆ. ಪಂಪನ್ನು ಪೂರ್ತಿಯಾಗಿ ಬದಲಿಸಬಹುದು, ಹೆಡ್ ಬದಲಿಸಬಹುದು. ಮರಳು ನುಗ್ಗಿ ಸವೆದ ಹಳಿಗಳು, ತುಕ್ಕು ಹಿಡಿದು ತೆಳುವಾದ ಟ್ಯಾಂಕಿನ ತಳ, ತಯಾರಕರು ಬೆಂಬಲ ನಿಲ್ಲಿಸಿದ ನಿಯಂತ್ರಕ ಈ ಮೂರರಲ್ಲಿ ಯಾವುದಿದ್ದರೂ ಯಂತ್ರ ಅಗ್ಗವಾಗುವುದಿಲ್ಲ. ನಿಯಂತ್ರಕದ ತಂತ್ರಾಂಶದ ಲೈಸೆನ್ಸು ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆದು, 6 ಮೀಟರ್ ಉದ್ದಕ್ಕೂ ಲೇಸರ್ ಅಳತೆ ಮಾಡಿಸಿದ ಮೇಲಷ್ಟೇ ಬೆಲೆಯ ಮಾತುಕತೆಗೆ ಕೂರುವುದು ಈ ವ್ಯಾಪಾರದಲ್ಲಿ ಅನುಭವಿಗಳು ಪಾಲಿಸುವ ಕ್ರಮ.